ಕಾಲೂರಿದ ಲೆಕ್ಕ

ಅಂತರಗಂಗೆ ರಸ್ತೆಯ ಪಂಕ್ಚರ್ ಅಂಗಡಿ ನನ್ನದು.
ಮೂವತ್ತೊಂದು ವರ್ಷ. ಸೀಟು ಹಾಕಿಸಿಕೊಳ್ಳಲು ಬಂದವರೇ ಎಲ್ಲ,
ಕೀಳಿಸಿಕೊಳ್ಳಲು ಬಂದವಳು ಅಲಮೇಲು ಒಬ್ಬಳೇ.
'ಕೂರೋದಿಲ್ಲ ಜಾನಣ್ಣ, ಅಡ್ಡ ಬರ್ತದೆ.'
ಆಗ ಅವಳಿಗೆ ಹನ್ನೆರಡು.
ಆ ಸೀಟು ಇನ್ನೂ ಮೊಳೆಗೆ ನೇತುಬಿದ್ದಿದೆ.

ಎಲ್ಲಿಗೂ ಹೋಗದ ಸೈಕಲ್ಲು ಅದು.
ಟೊಮ್ಯಾಟೊ ಕ್ರೇಟಿನಿಂದ ಕ್ರೇಟಿಗೆ,
ಕ್ರೇಟಿನಿಂದ ನನ್ನ ಅಂಗಡಿಯ ಚಪ್ಪಡಿಗೆ,
ಆಮೇಲಾಮೇಲೆ ಬೆಟ್ಟದ ಬಂಡೆಗೆ.
ಮುಂದಿನ ಚಕ್ರ ಗಾಳಿಯಲ್ಲಿ,
ಹಿಂದಿನದರ ಮೇಲೆ ಕುಪ್ಪಳಿಸಿ, ನಿಂತು,
ಉಸಿರು ಹಿಡಿದು, ಮತ್ತೆ ಕುಪ್ಪಳಿಸಿ,
ಒಂದು ಮಾರು ದಾಟಲು ಒಂದು ನಿಮಿಷ.
ಮಂಡಿಗೆ ಹೋಗುವ ಲೋಡರುಗಳು ಕೂಗುತ್ತಿದ್ದರು:
'ಈ ಲೆಕ್ಕದಲ್ಲಿ ನರಸಾಪುರ ಸೇರೋದು ಯಾವಾಗಮ್ಮಾ?'

ಕಾಲು ನೆಲಕ್ಕೆ ಊರಿದರೆ ಒಂದು.
ಐದಾದರೆ ಆ ಪಾಳಿ ಮುಗಿಯಿತು.
ಸೊನ್ನೆಗೆ ಇಷ್ಟು ಬೆಲೆ ಇರುವ ಆಟ
ನಾನು ಬೇರೆ ಕಂಡಿಲ್ಲ.
ಷಟರಿನ ಒಳಮೈಗೆ ಸೀಮೆಸುಣ್ಣದಲ್ಲಿ ಗೀಟು ಎಳೆಯುವುದು ನನ್ನ ಕೆಲಸ.
ಪಕ್ಕದಲ್ಲೇ ಗಿರಾಕಿಗಳ ಬಾಕಿಯ ಗೀಟು.
ಯಾವುದು ಟ್ಯೂಬಿನ ಸಾಲ, ಯಾವುದು ಅವಳ ಕಾಲು,
ತಿಂಗಳ ಕೊನೆಗೆ ನನಗೇ ತಿಳಿಯುತ್ತಿರಲಿಲ್ಲ.

ಅವಳಪ್ಪ ಓಬಳಪ್ಪ ಕಲ್ಲು ಒಡೆಯುವವನು, ಮಾತು ಕಮ್ಮಿ.
ಒಂದು ಸಂಜೆ ಚಪ್ಪಡಿ ಕೊಯ್ಯುವ ಮಷೀನು ಹೊತ್ತು ತಂದು
ಹನ್ನೊಂದು ಸಾವಿರದ ಹೊಸ ರಿಮ್ಮಿನ ಅಂಚಿಗೆ ಹಿಡಿದ.
'ನುಣ್ಣಗಿದ್ರೆ ಬ್ರೇಕು ಕಚ್ಚಲ್ಲ.'
ಕಿಡಿ ಹಾರಿದಷ್ಟು ಹೊತ್ತೂ ನಾನು ಕಣ್ಣು ಮುಚ್ಚಿಕೊಂಡಿದ್ದೆ.
ಮಾರನೆಯ ದಿನ ಆ ಬ್ರೇಕಿನ ಕಿರುಚು
ಕೀಲುಕೋಟೆಯವರೆಗೂ ಕೇಳಿಸಿತು.
ಬೆಟ್ಟದಲ್ಲಿ ಬಂಡೆಗೆ ಸುತ್ತಿಗೆ ತಾಗಿಸಿ ತೋರಿಸುತ್ತಿದ್ದ:
'ಗಂಟೆ ಹಂಗೆ ಅಂದ್ರೆ ಗಟ್ಟಿ.
ಒಡಕು ಮಡಕೆ ಹಂಗೆ ಅಂದ್ರೆ ಒಳಗೆ ಬಿರುಕದೆ, ನಂಬಬೇಡ.'
ಹಾರುವ ಮುಂಚೆ ಹಿಂದಿನ ಚಕ್ರದಲ್ಲಿ
ಅವಳು ಒಮ್ಮೆ ತಟ್ಟುವುದು
ಅಲ್ಲಿಂದ ಬಂದದ್ದು.

ಹದಿನೇಳಕ್ಕೆ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್.
ಆ ಊರಿನ ಹೆಸರು ನನ್ನ ನಾಲಿಗೆಗೆ ಹೊರಳಲೇ ಇಲ್ಲ.
ವೀಸಾ ಆಫೀಸಿನಲ್ಲಿ 'ಸೈಕಲ್ ರೇಸಾ?' ಅಂದರಂತೆ.
'ಅಲ್ಲ ಸಾರ್, ನಿಲ್ಲೋದು.'

ಅಂಗಡಿಯಲ್ಲಿ ಒಂಬತ್ತು ಜನ, ಒಂದು ಮೊಬೈಲು.
ಚಿತ್ರ ತಡೆದು ತಡೆದು ಬರುತ್ತಿತ್ತು,
ನಿಂತಿರುವುದು ಅವಳೋ ನೆಟ್‌ವರ್ಕೋ
ಹೇಳುವುದು ಕಷ್ಟ.
ಮರದ ದಿಮ್ಮಿ: ಸೊನ್ನೆ.
ಸಿಮೆಂಟು ಪೈಪು: ಒಂದು.
ಮೂರನೆಯದು ಬಂಡೆಗಳು. ನಾವೆಲ್ಲ ನಕ್ಕುಬಿಟ್ಟೆವು,
ಬಂಡೆಯಂತೆ, ಕೋಲಾರದ ಹುಡುಗಿಗೆ!

ಬಿಳಿಚಿದ ಕಲ್ಲು. ಮಳೆಯಲ್ಲಿ ನೆನೆದದ್ದು.
ಕ್ರೇನು ತಂದು ಇಟ್ಟುಹೋದದ್ದು.
ತಟ್ಟಿದಳು.
ಏನು ಕೇಳಿಸಿತೋ.
ಎಡಗಾಲು. ಮತ್ತೆ ಎಡಗಾಲು. ಬಲಗಾಲು.
ತೀರ್ಪುಗಾರ ಒಂದೊಂದೇ ಬೆರಳು ಬಿಡಿಸುತ್ತಾ ಹೋದ.
ಐದೂ ಬಿಡಿಸಿದ ಮೇಲೆ ಆ ಕೈ
ಆಶೀರ್ವಾದ ಮಾಡುವವರ ಕೈಯಂತೆ ಕಂಡಿತು.
ನಾನು ಷಟರಿಗೆ ಐದು ಗೀಟು ಎಳೆದೆ.
ಯಾರೋ ಬೇಡ ಅಂದರು.
ಲೆಕ್ಕ ಲೆಕ್ಕವೇ.

ಹದಿನಾಲ್ಕನೆಯವಳಾಗಿ ಬಂದಳು.
ಸ್ಟ್ಯಾಂಡಿನಲ್ಲಿ ಹಾರವಿತ್ತು, ಎಂಎಲ್ಎ ಕಡೆಯವರಿದ್ದರು.
ಓಬಳಪ್ಪ ಅದೆಲ್ಲ ಮುಗಿಯುವವರೆಗೆ ಕಾದು
ಕೇಳಿದ್ದು ಇಷ್ಟೇ: 'ಯಾವ ಕಲ್ಲು?'
ಬ್ಯಾಗಿನಿಂದ, ಸಾಕ್ಸಿನೊಳಗೆ ಸುತ್ತಿಟ್ಟಿದ್ದ
ಮುಷ್ಟಿಯಷ್ಟು ಚೂರು ತೆಗೆದುಕೊಟ್ಟಳು.
ಉಗುರಿನಲ್ಲಿ ಕೆರೆದ. ನಾಲಿಗೆಗೆ ತಾಗಿಸಿದ.
'ಸುಣ್ಣದ ಜಾತಿ. ತಟ್ಟಿದ್ರೆ ಮಾತಾಡಲ್ಲ ಇದು,
ನೀರು ಕುಡ್ಕೊಂಡು ಸುಮ್ನೆ ಕೂತಿರ್ತದೆ.
ತಪ್ಪು ನಂದು, ಒಂದೇ ಭಾಷೆ ಕಲಿಸಿದೆ.'

ಇವತ್ತು ಬೆಳಿಗ್ಗೆ ನಾನು ಷಟರು ಎತ್ತುವ ಮೊದಲೇ ಬಂದು ನಿಂತಿದ್ದಳು.
ಟ್ಯೂಬು ಅದ್ದಿ ನೋಡುವ ತೊಟ್ಟಿಯನ್ನು ದರದರ ಎಳೆದು
ಸೋಪಿನ ನೀರನ್ನೆಲ್ಲ ಚಪ್ಪಡಿಗೆ ಸುರಿದಳು.
'ಎಣಿಸು ಜಾನಣ್ಣ.'
ಸೀಮೆಸುಣ್ಣ ಹುಡುಕುತ್ತಿದ್ದೇನೆ.
ಗಿರಾಕಿಯೊಬ್ಬ ಟ್ಯೂಬು ಹಿಡಿದು ನಿಂತಿದ್ದಾನೆ,
ನೀರೆಲ್ಲಿ ಅಂತ.