ಗೇರು ಗುರುತು

(ನಂದಿ ಬೆಟ್ಟದ ತಪ್ಪಲು, ಮುತ್ತಿಗೆಯ ವರ್ಷ. ಅಗಸರ ಪಿಳ್ಳೊಂಕಟಿ ಹೇಳಿದ್ದು)

ಪೆಟ್ಟಿಗೆ ಬಂತು ಬುದ್ಧಿ, ಹದಿನೇಳನೇ ದಿನಕ್ಕೆ,
ಕೋಲಾರದ ದಾರಿಯಾಗಿ, ಎತ್ತಿನ ಬೆನ್ನ ಮೇಲೆ.
ಪಾಲಾರಿನ ಮರಳಲ್ಲಿ ಒಂದೆತ್ತು ಮುಗ್ಗರಿಸಿತ್ತಂತೆ.
ಮುಚ್ಚಳ ತೆಗೆದರೆ ಹುಲ್ಲು, ಹುಲ್ಲಿನೊಳಗೆ ಗಾಜಿನ ಚೂರು,
ಚೂರಿನ ನಡುವೆ ನಾಲ್ಕೇ ನಾಲ್ಕು ಬಾಟಲಿ
ಉಸಿರು ಹಿಡಿದು ಕೂತಿದ್ದವು.

ಡಾಕ್ಟರು ದೊರೆ ಕಾಗದ ಹಿಡಿದು ಓದಿದ.
ಕಾಗದದಲ್ಲಿ ಎಲ್ಲಾ ಇತ್ತು:
ಜ್ವರದ ತೊಗಟೆ, ಅಫೀಮು, ಬ್ರಾಂದಿ,
ಗಾಯಕ್ಕೆ ಸುತ್ತುವ ಬಟ್ಟೆ ಇನ್ನೂರು ಗಜ.
ಬಂದದ್ದು ತೊಗಟೆ ಒಂದು ಹಿಡಿ, ಗರಗಸ ಎರಡು.
ಬ್ರಾಂದಿ ದಾರಿಯಲ್ಲೇ ಯಾರದೋ ಜ್ವರ ವಾಸಿ ಮಾಡಿತ್ತು.
ಗರಗಸಕ್ಕೇನು,
ಅದು ಒಡೆಯೋದೂ ಇಲ್ಲ, ಚೆಲ್ಲೋದೂ ಇಲ್ಲ.

ಬಟ್ಟೆ ಬೇಕು ಅಂದರು.
ಊರಿನ ಮೈಲಿಗೆಯೆಲ್ಲ ನನ್ನ ಕತ್ತೆ ಮೇಲಿತ್ತು;
ಜನ ಕಾಡುಗುಡ್ಡಕ್ಕೆ ಓಡಿದ್ದರು, ಗಂಟು ಉಳಿದಿತ್ತು.
ದುಬಾಶಿ ಬಿಚ್ಚಿದ, ಹರಿದ.
ಒಗೆದು ಒಗೆದು ಮೆತ್ತಗಾದ ಸೀರೆ ಹರಿಯೋ ಸದ್ದು
ಕೇಳಿದ್ದೀರಾ? ಚರ್ರನ್ನೋದಿಲ್ಲ ಅದು.
ಬಾಣಂತಿ ಮಗ್ಗುಲು ಬದಲಿಸಿದ ಹಾಗೆ, ಅಷ್ಟೆ.

ಆಮೇಲೆ ನನ್ನ ಕೆಲಸ. ದಿನಾ ಕೆರೆ.
ರಕ್ತಕ್ಕೆ ಬಿಸಿನೀರು ತಾಗಿಸಬಾರದು ಬುದ್ಧಿ, ಕಚ್ಚಿಕೊಳ್ಳುತ್ತೆ.
ಮೊದಲು ತಣ್ಣೀರು, ಆಮೇಲೆ ಸೌಳುಮಣ್ಣು, ಕಡೆಗೆ ಉಬ್ಬೆ.
ಎಷ್ಟು ಬಡಿದರೂ ಹೋಗದ್ದು ಒಂದೇ,
ಮೂಲೆಯಲ್ಲಿ ನಾನೇ ಇಟ್ಟ ಗೇರು ಗುರುತು.
ಮೂರು ಚುಕ್ಕೆ ಶಾನುಭೋಗರ ಮನೆ,
ಕೊಕ್ಕೆ ಅಂದರೆ ದೇವಾಂಗದವರ ತಿಪ್ಪಯ್ಯ,
ಗೀಟಿನ ಮೇಲೆ ಗೀಟು ಗಾಣಿಗರ ಅಚ್ಚಮ್ಮ.

ಹಾಸಿಗೆ ಸಾಲಿನಲ್ಲಿ ನಡೆದರೆ
ಮದರಾಸಿನ ಸಿಪಾಯಿ ತೊಡೆಗೆ ಶಾನುಭೋಗರ ಪಂಚೆ,
ಕೆಂಪು ಮೂತಿಯ ಗೋಲಂದಾಜನ ತಲೆಗೆ ಅಚ್ಚಮ್ಮನ ಸೀರೆ.
ಕೋಟೆಯಿಂದ ಹಿಡಿದು ತಂದ ಹುಡುಗ ಒಬ್ಬ,
ಮೀಸೆ ಇನ್ನೂ ಬಂದಿರಲಿಲ್ಲ.
ಅವನ ಮೊಂಡುಗೈ ಬಟ್ಟೆಯ ಮೂಲೆ ತಿರುವಿದೆ.
ಗುರುತೇ ಇಲ್ಲ.
ಅಗಸನ ಮನೆ ಬಟ್ಟೆಗೆ ಯಾರು ಗೇರು ಇಡುತ್ತಾರೆ?
ನನ್ನ ಹೆಂಡತಿ ತಾಯಕ್ಕನದು, ಯಾವಾಗ ಗಂಟಿಗೆ ಸೇರಿತ್ತೋ.

ಅವನು ನೀರು ಕೇಳಿದ, ಕೊಟ್ಟೆ.
ಕೇಳಿದ್ದು ನಮ್ಮ ಮಾತಲ್ಲೇ, ಗೌರಿಬಿದನೂರ ಕಡೇ ಎಳೆತ.
ಮಾರನೇ ದಿನ ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು.

ದಂಡು ಹೋಯಿತು. ಊರು ಮರಳಿ ಬಂತು.
ಶಾನುಭೋಗರು ಪಂಚೆ ಕೇಳಿದರು, ಲೆಕ್ಕ ಕೇಳೋದು ಅವರ ಕಸುಬು;
ನಾಲ್ಕು ಕೊಳಗ ರಾಗಿ ಹಿಡಿದುಕೊಂಡರು.
ಅಚ್ಚಮ್ಮ ಸೀರೆ ಸುದ್ದಿ ಎತ್ತಲಿಲ್ಲ.
ಉಳಿದನಾ, ಅಂದಳು.
ಯಾರು ಅಂತ ಅವಳಿಗೂ ಗೊತ್ತಿಲ್ಲ.
ಗೊತ್ತಿಲ್ಲ ತಾಯಿ, ಅಂದೆ.

ಖಾಲಿ ಬಾಟಲಿ ಒಂದು ನನಗೆ ಸಿಕ್ಕಿತು ಬುದ್ಧಿ.
ಅಗೋ, ಗೂಡಿನಲ್ಲಿ. ಅದರಲ್ಲೀಗ ಗೇರೆಣ್ಣೆ.
ಮುಟ್ಟಬೇಡಿ, ಕೈ ಸುಡುತ್ತೆ.