ಪೆನ್ಸಿಲಿನ ಮನೆ

ಸಯ್ಯಾಜಿರಾವ್ ರಸ್ತೆಯಲ್ಲಿ, ಮಹಡಿ ಮೆಟ್ಟಿಲ ಅಡಿಗೆ
ಹಣ ಬದಲಿಸುವ ಅಂಗಡಿ. ನಾನಲ್ಲಿ ಗುಮಾಸ್ತೆ.
ಬೆಳಿಗ್ಗೆ ಒಂಬತ್ತೂವರೆಗೆ ಹಲಗೆ ಒರೆಸಿ
ಡಾಲರು, ಪೌಂಡು, ಯೂರೋ ಬರೆಯುವುದು,
ಸಂಜೆ ಅದನ್ನೇ ರಿಜಿಸ್ಟರಿಗೆ ಇಳಿಸುವುದು.
ಗಫಾರ್ ಸಾಹೇಬರು ಹೇಳುತ್ತಿದ್ದರು:
ಹಲಗೆ ಅಳಿಸು ಅಮ್ಮಣ್ಣಿ, ಪುಸ್ತಕ ಮಾತ್ರ ಅಳಿಸಬೇಡ.

ಇರಾನಿನ ರಿಯಾಲಿಗೆ ಆ ಪುಸ್ತಕದಲ್ಲಿ ಮನೆಯಿರಲಿಲ್ಲ.
ಕೊಳ್ಳುವಂತಿಲ್ಲ, ಮಾರುವಂತಿಲ್ಲ.
ಬಲತುದಿಯಲ್ಲಿ ಪೆನ್ಸಿಲ್ ಗೀಟೆಳೆದು
ಅದಕ್ಕೂ ಒಂದು ಮನೆ ಮಾಡಿಕೊಟ್ಟವಳು ನಾನು,
ನಸ್ತರನ್ ಎಂಬ ಹುಡುಗಿಯ ದೆಸೆಯಿಂದ.

ಗಂಗೋತ್ರಿಯಲ್ಲಿ ಬೇರು ತೊಗಟೆ ಓದುತ್ತಿದ್ದಳು.
ಕೆರ್ಮಾನಿನಲ್ಲಿ ಅವಳಪ್ಪ ರೇಖಾಗಣಿತದ ಮೇಷ್ಟ್ರು.
ಸಂಬಳದ ರಿಯಾಲು ಅಲ್ಲಿ ಡಾಲರಾಗಿ,
ಊರವರ ಯಾರದೋ ಜೇಬಿನಲ್ಲಿ ಇಲ್ಲಿಗೆ ಬಂದು,
ನನ್ನ ಕೈಯಲ್ಲಿ ರೂಪಾಯಿಯಾಗುತ್ತಿತ್ತು.
"ಅಪ್ಪನ ದುಡ್ಡು ಎರಡು ಸಲ ಹೊಳೆ ದಾಟುತ್ತೆ,
ಎರಡು ಸಲಾನೂ ಒಂದಿಷ್ಟು ನೀರಿಗೆ ಹೋಗುತ್ತೆ" ಅಂದಳು,
ಕಲಿತಷ್ಟೇ ಕನ್ನಡದಲ್ಲಿ.

ಒಂದು ದಿನ ತೋರಿಸಲೆಂದೇ ತಂದಳು
ಹತ್ತು ಸಾವಿರದ ನೋಟು. ಹಿಂಬದಿಗೆ ಹಿಮದ ಬೆಟ್ಟ.
"ಬಾಯಲ್ಲಿ ಇದನ್ನ ಸಾವಿರ ಅಂತೀವಿ, ಸಾವಿರ ತೊಮಾನು.
ಒಂದು ಸೊನ್ನೆ ನುಂಗಿಬಿಡ್ತೀವಿ."
ನಕ್ಕೆ. ನಮ್ಮಜ್ಜಿ ಸಾಯುವ ತನಕ
ಕೊತ್ತಂಬರಿ ಕಟ್ಟನ್ನು ಆಣೆಯಲ್ಲೇ ಕೇಳಿದವಳು.
ಸರ್ಕಾರ ಹಿಂತೆಗೆದ ಕಾಸು
ನಾಲಿಗೆಯ ಮೇಲೆ ಚಲಾವಣೆಯಲ್ಲಿ ಇದ್ದೇ ಇರುತ್ತದೆ.

ಆ ಸಂಜೆ ಬರೆದೆ: ನೋಟಿಗೆ ನಲವತ್ತೈದು ರೂಪಾಯಿ.
ದೇವರಾಜ ಮಾರ್ಕೆಟ್ಟಿನಲ್ಲಿ ಎರಡು ಮೊಳ ಮಲ್ಲಿಗೆ,
ಮಿಕ್ಕಿದ್ದಕ್ಕೆ ಮಸಾಲೆ ದೋಸೆ.

ಎರಡು ವರ್ಷ. ದಸರೆಯ ದೀಪ ಇನ್ನೂ ಬಿಚ್ಚಿರಲಿಲ್ಲ.
ಅವಳ ಕೈಯಲ್ಲಿ ಡಾಲರು ತೆಳ್ಳಗಾಗಿದ್ದವು.
"ಸಂಬಳ ಅಷ್ಟೇ ಇದೆ. ಪಾಠಾನೂ ಅದೇ ತ್ರಿಕೋನ.
ಮೂರು ಕೋನ ಕೂಡಿದ್ರೆ ಈಗಲೂ ನೂರ ಎಂಬತ್ತೇ ಅಲ್ವಾ?"
ಅಲ್ಲವೆನ್ನಲು ನಾನು ಯಾರು.
ಪೆನ್ಸಿಲಿನ ಮನೆಯಲ್ಲಿ ಬರೆದೆ: ಹದಿನಾರು.

ಎಲ್ಲೋ ಯಾರೋ ಮೇಜು ಗುದ್ದಿ ಸಹಿ ಹಾಕಿದರು,
ಇಲ್ಲಿ ಸರಸ್ವತಿಪುರದ ಬಾಡಿಗೆ ಕೋಣೆಯಲ್ಲಿ
ಒಬ್ಬಳು ರಾತ್ರಿಯೂಟ ಬಿಟ್ಟಳು.
ಒಮ್ಮೆ ಮನಸ್ಸು ತಡೆಯದೆ
ಡಾಲರಿಗೆ ನಲವತ್ತು ಪೈಸೆ ಹೆಚ್ಚಿಗೆ ಕೊಟ್ಟೆ.
ಸಾಹೇಬರು ಸಂಜೆ ಕನ್ನಡಕ ಒರೆಸಿಕೊಂಡು ನೋಡಿದರು,
ಏನೂ ಅನ್ನಲಿಲ್ಲ.
ತಿಂಗಳ ಕೊನೆಗೆ ನನ್ನ ಸಂಬಳದಲ್ಲಿ ಹಿಡಿದರು.

ಓದು ಮುಗಿಯಿತೋ, ದುಡ್ಡೋ, ಕೇಳಲಾಗಲಿಲ್ಲ.
ಹೊರಡುವ ದಿನ ಆ ನೋಟನ್ನು ನನ್ನ ಪುಸ್ತಕದಲ್ಲಿಟ್ಟು
"ಬೆಲೆ ಏರಿದಾಗ ಬಂದು ತಗೋತೀನಿ" ಅಂದಳು.

ಆಮೇಲೆ ಅವರಿವರನ್ನು ಕೇಳಿ, ಫೋನಿನಲ್ಲಿ ಹುಡುಕಿ
ಬರೆಯುತ್ತ ಬಂದೆ: ಆರು. ಮೂರು. ಒಂದೂವರೆ.
ಈಗ ಒಂದು ರೂಪಾಯಿಯೂ ಪೂರ್ತಿ ಇಲ್ಲ.
ಮೊಳ ಹಾಗಿರಲಿ, ಒಂದು ಮೊಗ್ಗಿಗೂ ಚೌಕಾಸಿ.
ನಮ್ಮದೇನು ಬೆಟ್ಟದ ತುದಿಯಲ್ಲಿ ಕೂತಿದೆಯೇ?
ಅವಳು ಬಂದಾಗ ಡಾಲರಿಗೆ ನಲವತ್ತೈದು ಬರೆದ ಹಲಗೆ
ಇಂದು ಎಂಬತ್ತರ ಮನೆ ದಾಟಿದೆ.
ಚಾಮುಂಡಿಯ ಸಾವಿರ ಮೆಟ್ಟಿಲು,
ನಾವು ಮಂಡಿ ಹಿಡಿದುಕೊಂಡು ಇಳಿಯುತ್ತಿದ್ದೇವೆ.
ಅವರ ಕಾಲು ಜಾರಿತು, ಅಷ್ಟೆ.

ಸಾಹೇಬರ ಮಗ ಹಲಗೆ ಕಿತ್ತು ಪರದೆ ಹಾಕಿಸಿದ,
ಅಂಕಿಗಳು ಅಲ್ಲಿ ತಾವೇ ಮಿಟುಕುತ್ತವೆ.
ಹಳೇ ರಿಜಿಸ್ಟರುಗಳಿಗೆ ರದ್ದಿಯವನು ಬಂದ,
ಪೌಂಡು ಡಾಲರೆಲ್ಲ ಒಂದೇ ತಕ್ಕಡಿಗೆ, ಕೆಜಿಗೆ ಹನ್ನೆರಡು.
ನೋಟು ಉದುರಿತು. ಸೊನ್ನೆ ಎಣಿಸಿ ಬೆಚ್ಚಿಬಿದ್ದ.
"ಹತ್ತು ಸಾವಿರ ಅಮ್ಮಾ!"
"ಬೆಲೆ ಇಲ್ಲಪ್ಪ ಅದಕ್ಕೆ."
ಮಗುಚಿ ನೋಡಿದ. ಹೆಬ್ಬೆರಳಿಂದ ಮಂಜನ್ನು ಸವರಿದ.
"ಯಾವೂರ ಬೆಟ್ಟ ಇದು? ಲಕ್ಷಣವಾಗಿದೆ"
ಎಂದು ವಾಪಸು ಕೊಟ್ಟ.

ಆ ಒಂದು ಪುಸ್ತಕ ತೂಕಕ್ಕೆ ಹಾಕಲಿಲ್ಲ.
ಸಂಜೆಯಾಯಿತು. ಪೆನ್ಸಿಲ್ ಹೆರೆಯುತ್ತಿದ್ದೇನೆ.