ಎರಡನೇ ಬ್ರೇಕು

ನನ್ನ ಕಾರಿಗೆ ಬ್ರೇಕು ಎರಡು.
ಒಂದು ಕಲಿಯುವವರದ್ದು, ಇನ್ನೊಂದು ನನ್ನ ಕಾಲಡಿಯದ್ದು.
ಇಪ್ಪತ್ತಾರು ವರ್ಷ ಎಡಗಡೆ ಸೀಟಿನಲ್ಲಿ ಕೂತು
ನಾನು ಕಲಿತ ವಿದ್ಯೆ ಇಷ್ಟೆ:
ಅದನ್ನು ಒತ್ತದೆ ಇರುವುದು.

ಬಲ್ಮಠದ ಏರಿನಲ್ಲಿ ಹಾಫ್ ಕ್ಲಚ್ಚು ತಪ್ಪಿ
ಕಾರು ಹಿಂದೆ ಜಾರುವಾಗ,
ಬಸ್ಸಿನ ಮೂತಿ ಕನ್ನಡಿ ತುಂಬ ಬೆಳೆಯುವಾಗಲೂ
ಒಂದು ಉಸಿರಿನಷ್ಟು ಕಾಯುವುದು.
ಆ ಉಸಿರಿನಲ್ಲೇ ಜನ ಡ್ರೈವರ್ ಆಗುವುದು.

ವಾರಿಜಾಕ್ಷಿ ಮೇಡಂ ಉರ್ವದ ಪೋಸ್ಟಾಫೀಸಿನವರು.
ಲೈಸನ್ಸು ಕೈಗೆ ಬಂದ ಮೇಲೂ ಫೋನು ಮಾಡಿದರು:
"ಲಿಗೋರಿ ಸರ್, ಹೊಸ ಕಾರು ಬಂದಿದೆ. ಕ್ಲಚ್ಚಿಲ್ಲ.
ಆದರೆ ಅದು ಮಾತಾಡ್ತದೆ. ನನಗೆ ಹೆದರಿಕೆ.
ಒಂದು ವಾರ ಪಕ್ಕದಲ್ಲಿ ಕೂತ್ಕೊಳ್ಳಿ."

ಮಾತಾಡುವುದು ಹೌದು.
ತೊಕ್ಕೊಟ್ಟನ್ನು "ತೋಕೋಟು" ಅನ್ನುತ್ತದೆ,
ಬೆಲ್ಟು ಹಾಕದಿದ್ದರೆ ಗುಂಯ್‌ಗುಡುತ್ತದೆ,
ಗೆರೆ ದಾಟಿದರೆ ಸ್ಟೀರಿಂಗು ನಡುಗುತ್ತದೆ.
ನಂತೂರಿನಲ್ಲಿ ಗೆರೆ ಎಲ್ಲುಂಟು ಮಾರಾಯ್ರೆ,
ಪಾಪ, ಇಡೀ ಸರ್ಕಲ್ಲನ್ನು ನಡುಗುತ್ತಲೇ ಸುತ್ತಿತು.

ಸಂಜೆ ಮಾರ್ಕು ಕೊಡುತ್ತದೆ. ಎಪ್ಪತ್ತೊಂದು.
ಹಠಾತ್ ಬ್ರೇಕು: ಒಂದು.
ಕೂಳೂರಿನಲ್ಲಿ ಬೂತಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು
ಡಿವೈಡರಿನಿಂದ ತಟ್ಟನೆ ಇಳಿದದ್ದು
ಆ ಲೆಕ್ಕದಲ್ಲಿ ಇಲ್ಲ.
ನಾನಾಗಿದ್ದರೆ ಆ ಒಂದು ಬ್ರೇಕಿಗೇ
ನೂರಕ್ಕೆ ನೂರು ಕೊಡುತ್ತಿದ್ದೆ.

ಮೊದಲೂ ಗಾಡಿಗಳು ಮಾತಾಡುತ್ತಿದ್ದವು.
ಕಂಡಕ್ಟರನ ಒಂದು ಸೀಟಿ ನಿಲ್ಲು, ಎರಡು ಸೀಟಿ ಹೋಗು.
ಎದುರಿನ ಲಾರಿ ಲೈಟು ಮಿಣುಕಿಸಿದರೆ
ತಿರುವಿನ ಆಚೆ ಪೊಲೀಸರು.
ಯಾರು ಯಾರಿಗೆ ಹೇಳಿದರೆಂದು ಯಾರೂ ಕೇಳಲಿಲ್ಲ,
ಹೇಳಿದರು, ಹೋದರು.
ಇದು ಬರೆದಿಟ್ಟುಕೊಳ್ಳುತ್ತದೆ.

ಬರೆದದ್ದು ಹೋಗುವುದು ಅವರ ಯಜಮಾನರ ಫೋನಿಗೆ.
ತೈಲದ ಹಡಗಿನಲ್ಲಿ ಇಂಜಿನಿಯರು, ಎಲ್ಲೋ ನೀರಿನ ನಡುವೆ.
"ಬಿಜೈಯಲ್ಲಿ ಹದಿನಾಲ್ಕು ನಿಮಿಷ ಎಂತ?"
ಹದಿನಾಲ್ಕು ನಿಮಿಷ ಇಬ್ಬುಡ್ಲು ಆರಿಸಿದ್ದು.
ಮೂಸಿ, ತಟ್ಟಿ, ಕಿವಿಗೆ ಹಿಡಿದು.
ಅದನ್ನೂ ಟೈಪು ಮಾಡಿ ಕಳಿಸಬೇಕು.

ಆದರೆ ಮಾರ್ಚಿನ ಒಂದು ಮಧ್ಯಾಹ್ನ
ಉರ್ವ ಮಾರ್ಕೆಟಿನ ಬಿಸಿಲಲ್ಲಿ ಒಲೆಯಾಗಿ ನಿಂತಿದ್ದ ಕಾರು
ನಾವು ಹತ್ತಿರ ಹೋಗುವ ಮೊದಲೇ ತಾನೇ ಸ್ಟಾರ್ಟಾಯಿತು.
ಒಳಗೆ ಯಾರೂ ಇಲ್ಲ.
ನಾನು ಶಿಲುಬೆಯ ಗುರುತು ಮಾಡಿಕೊಂಡೆ.
ಅವರಿಗೆ ನಗು: "ಅವರೇ ಎಸಿ ಹಾಕಿದ್ದು ಸರ್,
ಅಲ್ಲಿ ಡ್ಯೂಟಿ ಮುಗಿದಿರಬೇಕು ಈಗ."
ಬಾಗಿಲು ತೆರೆದು, ಒಳಗೆ ಕೂರದೆ,
ಆ ತಂಪಿಗೆ ಮುಖವೊಡ್ಡಿ ಸ್ವಲ್ಪ ಹೊತ್ತು ನಿಂತರು,
ಯಾರೋ ಎದುರು ಕೂತು ಬೀಸಣಿಗೆ ಬೀಸುವ ಹಾಗೆ.

ಅದೇ ಬೆರಳು
ನಕ್ಷೆಯ ಮೇಲೆ ಒಂದು ಬೇಲಿಯನ್ನೂ ಎಳೆದಿತ್ತು.
ಶಾಂಭವಿ ಸೇತುವೆಯವರೆಗೆ ಅಡ್ಡಿಯಿಲ್ಲ,
ದಾಟಿದರೆ ಹಡಗಿನಲ್ಲಿ ಗಂಟೆ.

ಕೊನೆಯ ದಿನ ಮುಲ್ಕಿಯಲ್ಲಿ ಯೂ ಟರ್ನು ಎಂದುಕೊಂಡಿದ್ದೆ.
ಅವರು ಇಂಡಿಕೇಟರ್ ಹಾಕಲಿಲ್ಲ.
"ಕಾಪು ದೀಪಸ್ತಂಭದವರೆಗೆ ಹೋಗುವ," ಅಂದರು,
ಸ್ಟಾಂಪಿಗೆ ಠಸ್ಸೆ ಹೊಡೆದಷ್ಟು ಸಲೀಸಾಗಿ.

ಸೇತುವೆಯ ನಡುವೆ ಫೋನು ಅಲುಗಿತು.
ಮತ್ತೊಮ್ಮೆ.
ಕೆಳಗೆ ಹೊಳೆ, ಮರಳಿನ ದೋಣಿ, ಬಲೆಯ ಗೂಟಗಳು.
"ಗಾಡಿ ಓಡಿಸುವಾಗ ಫೋನು ಎತ್ತಬಾರದು,
ನೀವೇ ಕಲಿಸಿದ್ದು."

ಆಗ ನೋಡಿದೆ:
ನನ್ನ ಬಲಗಾಲು ತನ್ನಷ್ಟಕ್ಕೆ ಮುಂದೆ ಚಾಚಿ
ಎರಡನೇ ಬ್ರೇಕನ್ನು ಒತ್ತಿ ಹಿಡಿದಿತ್ತು.
ಇದು ಅವರ ಕಾರು.
ಪಾದದ ಕೆಳಗೆ ಇದ್ದದ್ದು ಬರೇ ರಬ್ಬರಿನ ಮ್ಯಾಟು.

ಹೆಜಮಾಡಿ ಟೋಲು ಬರುವವರೆಗೂ
ಅಲ್ಲಿಂದ ಕಾಲು ತೆಗೆಯಲು ನನಗೆ ಆಗಲಿಲ್ಲ.